ಹಳೇ ಬಯೋಡೇಟಾ ಅಳಿಸಲು ಹಿಡಿದ ಆರು ತಿಂಗಳು

ಹೋದ ವರ್ಷ ಶ್ರಾವಣದಲ್ಲಿ, ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಹುಬ್ಬಳ್ಳಿ ಕೇಶ್ವಾಪುರದ ಮನೆಯಲ್ಲಿದ್ದ ನಮ್ಮ ಅಪ್ಪನಿಗೆ ಒಂದು ಕರೆ ಬಂತು. ಆ ಕಡೆಯವನು ಹಿಂದಿಯಲ್ಲಿ, ತಾನು ಮುಂಬೈ ಪೊಲೀಸ್ ಅಂದ. ನಿಮ್ಮ ಮಗಳ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ಈಗಲೇ ವಿಡಿಯೊ ಕಾಲ್‌ಗೆ ಬನ್ನಿ, ಯಾರಿಗೂ ಹೇಳಬೇಡಿ ಅಂದ. ಇಂಥ ಮೋಸದ ಸುದ್ದಿಯನ್ನ ಅಪ್ಪ ಪೇಪರಿನಲ್ಲಿ ಎಷ್ಟೋ ಸಲ ಓದಿದ್ದರು. ವಿಡಿಯೊ ಕಾಲ್‌ನಲ್ಲೇ ಬಂಧಿಸುವ 'ಡಿಜಿಟಲ್ ಅರೆಸ್ಟ್' ಅನ್ನುವುದು ಕಾನೂನಿನಲ್ಲೇ ಇಲ್ಲ ಅಂತ 2024ರ ಅಕ್ಟೋಬರ್‌ನ 'ಮನದ ಮಾತು' ಕಾರ್ಯಕ್ರಮದಲ್ಲಿ ಪ್ರಧಾನಿ ಹೇಳಿದ್ದನ್ನೂ ಕೇಳಿದ್ದರು. ಆದರೂ ನಂಬಿಬಿಟ್ಟರು. ಯಾಕೆಂದರೆ ಅವನು ನನ್ನ ಪೂರ್ತಿ ಹೆಸರು, ಹುಟ್ಟಿದ ದಿನ, ಅವ್ವನ ತವರುಮನೆಯ ಅಡ್ಡಹೆಸರು, ವಿಳಾಸ, ನಾನು ಕೆಲಸ ಮಾಡಿದ ಕಂಪನಿ, ಎಲ್ಲವನ್ನೂ ಒಂದೊಂದಾಗಿ ಓದಿ ಹೇಳಿದ.

ಅವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಾಗ ಅಪ್ಪ ಬ್ಯಾಂಕಿನ ಪಾಸ್‌ಬುಕ್ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಅವಳೇ ಫೋನ್ ಕಸಿದುಕೊಂಡು ಕಟ್ ಮಾಡಿದಳು. ಹಣ ಹೋಗಲಿಲ್ಲ. ನಾನು ಧಾರವಾಡದಿಂದ ಚಿಗರಿ ಬಸ್ ಹಿಡಿದು ಮನೆ ಮುಟ್ಟುವ ಹೊತ್ತಿಗೂ ಅಪ್ಪನ ಕೈ ನಡುಗುತ್ತಿತ್ತು. ಮೂವತ್ನಾಲ್ಕು ವರ್ಷ ರೇಲ್ವೆ ವರ್ಕ್‌ಶಾಪ್‌ನಲ್ಲಿ ದುಡಿದ ಮನುಷ್ಯ ಅವರು. ಅವರ ಕೈ ನಡುಗಿದ್ದನ್ನ ನಾನು ನೋಡಿದ್ದು ಅದೇ ಮೊದಲು.

"ಅಷ್ಟೆಲ್ಲಾ ಅವಂಗ ಹೆಂಗ ಗೊತ್ತಾತವ್ವಾ?" ಅಂತ ಅಪ್ಪ ಮತ್ತೆ ಮತ್ತೆ ಕೇಳಿದರು. ನನಗೂ ಅದೇ ಪ್ರಶ್ನೆ.

ಉತ್ತರದ ಸುಳಿವು ಅವನ ಮಾತಿನಲ್ಲೇ ಇತ್ತು. ಅವನು ಓದಿದ್ದು ಕೇಶ್ವಾಪುರದ ವಿಳಾಸ ಅಲ್ಲ, ಗದಗ ರಸ್ತೆಯ ರೇಲ್ವೆ ಕ್ವಾರ್ಟರ್ಸ್ ನಂಬರ್. ಅಪ್ಪ ರಿಟೈರ್ ಆದ ಮೇಲೆ 2016ರಲ್ಲೇ ಆ ಮನೆ ಬಿಟ್ಟಿದ್ದೇವೆ. ಅವನು ಹೇಳಿದ ಬೆಂಗಳೂರಿನ ಕಂಪನಿಯಲ್ಲಿ ನಾನಿದ್ದದ್ದು ಬರೀ ಎಂಟು ತಿಂಗಳು. ಆ ಮನೆ, ಆ ಕಂಪನಿ, ಅವ್ವನ ತವರಿನ ಹೆಸರು, ಈ ಮೂರೂ ಒಂದೇ ಹಾಳೆಯಲ್ಲಿ ಇದ್ದದ್ದು ಒಂದೇ ಕಡೆ. 2014ರಲ್ಲಿ ಬರೆದ ನನ್ನ ಮದುವೆಯ ಬಯೋಡೇಟಾ.

ಅವತ್ತು ಸಂಜೆಯೇ ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ಪೋರ್ಟಲ್‌ನ ಚಕ್ಷು ವಿಭಾಗದಲ್ಲಿ ಆ ನಂಬರಿನ ಬಗ್ಗೆ ದೂರು ಹಾಕಿದೆ. ಹಣ ಹೋಗದೆ ಬರೀ ಮೋಸದ ಕರೆ ಬಂದಿದ್ದರೆ ಅಲ್ಲಿ ಹೇಳಬೇಕು. ಹಣ ಹೋಗಿದ್ದರೆ ಒಂದು ನಿಮಿಷವೂ ಕಾಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಇಷ್ಟನ್ನ ನಿಮ್ಮ ಮನೆಯ ಹಿರಿಯರ ಫೋನಿನ ಹಿಂದೆ ಒಂದು ಚೀಟಿಯಲ್ಲಿ ಬರೆದು ಅಂಟಿಸಿ. ನಾನು ಅಂಟಿಸಿದ್ದೇನೆ.

ಆಮೇಲೆ ಹುಡುಕಲು ಕೂತೆ. ನನ್ನ ಹೆಸರನ್ನ ಕನ್ನಡದಲ್ಲಿ ಗೂಗಲ್‌ಗೆ ಹಾಕಿದರೆ ಏನೂ ಸಿಗಲಿಲ್ಲ. ಅಡ್ಡಹೆಸರನ್ನ ಇಂಗ್ಲಿಷಿನಲ್ಲಿ ಮೂರು ಥರ ಬರೆಯುತ್ತಾರೆ, ಮೂರನ್ನೂ ಹಾಕಿದೆ. ಒಂದೆರಡು ಬಂತು. ನಂತರ ಅಪ್ಪನ ಫೋನ್ ನಂಬರ್ ಹಾಕಿದೆ. ಹತ್ತು ಅಂಕಿ ಒಟ್ಟಿಗೆ, ಐದೈದಾಗಿ ಬಿಡಿಸಿ, ಮುಂದೆ +91 ಸೇರಿಸಿ, ಸೊನ್ನೆ ಸೇರಿಸಿ. ಪ್ರತಿ ಸಲವೂ ಎರಡೂ ಬದಿಗೆ ಉದ್ಧರಣ ಚಿಹ್ನೆ ಹಾಕಿದರೆ ಅದೇ ಅಂಕಿ ಇರುವ ಪುಟ ಮಾತ್ರ ಬರುತ್ತದೆ. ಐದೈದಾಗಿ ಬಿಡಿಸಿದಾಗ ಒಂದು ಪಿಡಿಎಫ್ ಸಿಕ್ಕಿತು. ನಮ್ಮ ಸಮಾಜದ ಸಂಘವೊಂದು ಹುಬ್ಬಳ್ಳಿಯಲ್ಲಿ ನಡೆಸಿದ್ದ ವಧು-ವರರ ಸಮಾವೇಶದ ಪುಸ್ತಕ.

ಹೆಸರಿಗೆ ಸಿಗದೆ ನಂಬರಿಗೆ ಯಾಕೆ ಸಿಕ್ಕಿತು ಅನ್ನುವುದು ಎಲ್ಲ ಕನ್ನಡಿಗರೂ ತಿಳಿದಿರಬೇಕಾದ ವಿಷಯ. ನಮ್ಮ ಕಡೆಯ ಡಿಟಿಪಿ ಅಂಗಡಿಗಳಲ್ಲಿ ತುಂಬಾ ವರ್ಷ ಯುನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನಲ್ಲೇ ಪುಟ ಕಟ್ಟಿದ್ದಾರೆ. ಕಣ್ಣಿಗೆ ಅದು ಕನ್ನಡ. ಕಂಪ್ಯೂಟರಿಗೆ ಮಾತ್ರ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಹಾಗಾಗಿ ನಮ್ಮ ಹೆಸರು ಸರ್ಚ್‌ನಲ್ಲಿ ಸಿಗುವುದಿಲ್ಲ. ಅಂಕಿಗಳು ಮಾತ್ರ ಅಂಕಿಗಳಾಗಿಯೇ ಉಳಿದಿರುತ್ತವೆ. ಹೆಸರು ಹಾಕಿ ಏನೂ ಬರಲಿಲ್ಲ ಅಂತ ಸಮಾಧಾನ ಮಾಡಿಕೊಂಡು ಎದ್ದುಬಿಡಬೇಡಿ. ನಿಮ್ಮ ನಂಬರ್ ಹಾಕಿ ನೋಡಿ.

ಆ ಪಿಡಿಎಫ್‌ನಲ್ಲಿ ನನ್ನದೊಂದೇ ಅಲ್ಲ, ಪುಟಕ್ಕೆ ಆರು ಹುಡುಗಿಯರ ವಿವರ ಇತ್ತು. ಹುಟ್ಟಿದ ದಿನ, ಗಳಿಗೆ, ಎತ್ತರ, ಸಂಬಳ, ಅಪ್ಪನ ಕೆಲಸ, ಸೋದರಮಾವನ ಊರು, ಮನೆ ನಂಬರ್. ಅದನ್ನ ಓದುತ್ತ ನನಗೆ ಮೈ ಬಿಸಿಯಾಯಿತು. ಇಷ್ಟು ಸಾಕಲ್ವಾ ಯಾರ ಮನೆಯನ್ನಾದರೂ ಹೆದರಿಸಲು?

ಅದೇ ವಿವರ ಇನ್ನೊಂದು ಕಡೆಯೂ ಇತ್ತು. ಜನರ ಹೆಸರು, ಊರು, ನಂಬರ್ ಹುಡುಕಿಕೊಡುವ ಒಂದು ಸೈಟು. ಅದನ್ನ ಯಾರು ನಡೆಸುತ್ತಾರೋ ಅಲ್ಲಿ ಬರೆದಿಲ್ಲ. ಪುಸ್ತಕದಲ್ಲಿದ್ದದ್ದನ್ನ ಯಾರೋ ಕೂತು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಒಬ್ಬೊಬ್ಬರಿಗೆ ಒಂದೊಂದು ಪುಟ ಮಾಡಿದ್ದರು. ಕರೆ ಮಾಡಿದವನು ಅಲ್ಲಿಂದಲೇ ತಗೊಂಡ ಅಂತ ನಾನು ಸಾಬೀತು ಮಾಡಲಾರೆ. ಆದರೆ ಅವನು ಅಪ್ಪನಿಗೆ ಓದಿ ಹೇಳಿದ ಕ್ರಮವೂ ಆ ಪುಟದ ಕ್ರಮವೂ ಒಂದೇ ಆಗಿತ್ತು.

ಒಂದು ನೂರು ಪುಟದ ನೋಟ್‌ಬುಕ್ ತಂದೆ. ಒಂದು ಸಾಲಿಗೆ ಒಂದು ಲಿಂಕ್. ಅಲ್ಲಿ ಏನೇನಿದೆ, ಯಾವತ್ತು ನೋಡಿದೆ, ಯಾರಿಗೆ ಬರೆದೆ, ಏನು ಉತ್ತರ ಬಂತು. ಪ್ರತಿಯೊಂದರ ಸ್ಕ್ರೀನ್‌ಶಾಟ್ ತೆಗೆದಿಟ್ಟೆ. ಇದು ಬೇಜಾರಿನ ಕೆಲಸ, ಆದರೆ ಆರು ತಿಂಗಳು ನನ್ನನ್ನ ದಾರಿ ತಪ್ಪದಂತೆ ಕಾಪಾಡಿದ್ದು ಆ ನೋಟ್‌ಬುಕ್ಕೇ.

ಸುಲಭದ್ದನ್ನ ಮೊದಲು ಮುಗಿಸಿದೆ. ಅವ್ವ ಹಿಂದೆ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದಾಗ ಒಂದು ಊರಿನ ಅಂಗಡಿ-ಸೇವೆಗಳ ಡೈರೆಕ್ಟರಿಯಲ್ಲಿ ಮನೆ ವಿಳಾಸ ಹಾಕಿದ್ದೆವು. ಕರೆ ಮಾಡಿ ತೆಗೆಸಿದೆ, ಎರಡೇ ದಿನದಲ್ಲಿ ಹೋಯಿತು. ಟ್ರೂಕಾಲರ್‌ನಿಂದ ನಂಬರ್ ತೆಗೆಯಬೇಕೆಂದರೆ ಮೊದಲು ಆ್ಯಪ್‌ನೊಳಗಿನ ಪ್ರೈವಸಿ ಸೆಂಟರ್‌ಗೆ ಹೋಗಿ ಖಾತೆಯನ್ನ ನಿಷ್ಕ್ರಿಯ ಮಾಡಬೇಕು. ನಂತರ ಅವರ ಸೈಟಿನಲ್ಲಿ ನಂಬರ್ ತೆಗೆಯಲಿಕ್ಕೆಂದೇ ಇರುವ ಪುಟದಲ್ಲಿ +91 ಸಮೇತ ನಂಬರ್ ಕೊಡಬೇಕು. ಆ್ಯಪ್ ಬರೀ ಡಿಲೀಟ್ ಮಾಡಿದರೆ ಸಾಲದು, ಹೆಸರು ಅಲ್ಲೇ ಇರುತ್ತದೆ. ಅಪ್ಪನಿಗೆ ಬರುವ ಕರೆ ಯಾರದೆಂದು ತಿಳಿಯಲು ಅದು ಬೇಕು, ಹಾಗಾಗಿ ಅವರದ್ದನ್ನ ಇಟ್ಟುಕೊಂಡೆವು. ನನ್ನದು, ಅವ್ವನದು ತೆಗೆದೆವು.

ಮತದಾರರ ಪಟ್ಟಿಯಲ್ಲಿ ಹೆಸರು, ವಯಸ್ಸು, ಗಂಡನ ಹೆಸರು, ಮನೆ ನಂಬರ್ ಇರುತ್ತದೆ. ಅದು ಕಾನೂನಿನ ಪ್ರಕಾರ ಎಲ್ಲರೂ ನೋಡಬಹುದಾದ ಪಟ್ಟಿ, ಇರಲೇಬೇಕು. ಅದನ್ನ ತೆಗೆಯಿರಿ ಅಂತ ಕೇಳುವುದು ತಪ್ಪು ಅಂತ ನನ್ನ ಅಭಿಪ್ರಾಯ. ಯಾರ ಹೆಸರು ಸೇರಿದೆ, ಯಾರದು ಬಿಟ್ಟುಹೋಗಿದೆ ಅಂತ ಜನ ನೋಡಲು ಆಗಬೇಕು.

ಈಗ ಸಂಘದ ವಿಷಯ. ಮೊದಲು ಇಮೇಲ್ ಕಳಿಸಿದೆ, ಉತ್ತರ ಇಲ್ಲ. ಹದಿನೈದು ದಿನ ಬಿಟ್ಟು ಅಪ್ಪನನ್ನ ಕರೆದುಕೊಂಡು ನಾನೇ ಹೋದೆ. ಕಾರ್ಯದರ್ಶಿಗಳು ಎಪ್ಪತ್ತು ದಾಟಿದವರು, ಅಪ್ಪನಿಗೆ ಹಳೇ ಪರಿಚಯ. ಚಹಾ ತರಿಸಿದರು. ನಾನು ಮೊಬೈಲಿನಲ್ಲಿ ಪಿಡಿಎಫ್ ತೆರೆದು ತೋರಿಸಿದೆ.

"ತಂಗಿ, ನಾಕ ಮಂದಿ ನೋಡ್ಲಿ, ಮದುವಿ ಆಗ್ಲಿ ಅಂತ ಹಾಕಿದ್ವಿ. ಅದರಾಗ ತಪ್ಪೇನೈತಿ?" ಅಂದರು.

ಅವರ ಮಾತಿನಲ್ಲಿ ಮೋಸ ಇರಲಿಲ್ಲ. ನನಗೆ ಬಯೋಡೇಟಾ ಕೊಡುವುದರ ಬಗ್ಗೆ ಈಗಲೂ ತಕರಾರಿಲ್ಲ. ಅದನ್ನ ನಾನೇ ಕೈಯಾರೆ ಬರೆದು ಕೊಟ್ಟಿದ್ದೆ. ಆದರೆ ಕೊಟ್ಟದ್ದು ಈ ಸಂಘಕ್ಕೆ, ಆ ವರ್ಷದ ಸಮಾವೇಶಕ್ಕೆ, ಹೆಣ್ಣು ನೋಡುವ ಮನೆಯವರಿಗೆ. ಜಗತ್ತಿಗೆ ಕೊಟ್ಟಿರಲಿಲ್ಲ. ಮದುವೆಯಾಗಿ ಹತ್ತು ವರ್ಷದ ಮೇಲೂ ಅಲ್ಲಿರಲಿ ಅಂತ ಕೊಟ್ಟಿರಲಿಲ್ಲ. ಇದನ್ನ ಅವರಿಗೆ ಹೇಳಿದೆ. ಅಪ್ಪ ಏನೂ ಸೇರಿಸಲಿಲ್ಲ. ಕರೆ ಬಂದ ದಿನ ಏನಾಯಿತು ಅನ್ನುವುದನ್ನ ಮಾತ್ರ, ಪಾಸ್‌ಬುಕ್ ತೆಗೆದದ್ದರ ಸಮೇತ, ನಿಧಾನವಾಗಿ ಹೇಳಿದರು.

ಕಾರ್ಯದರ್ಶಿಗಳು ಎದ್ದು ಕಪಾಟಿನಿಂದ ಅಚ್ಚಾದ ಪುಸ್ತಕ ತೆಗೆದರು. ಕನ್ನಡಕ ಏರಿಸಿಕೊಂಡು ನನ್ನ ಪುಟ ಹುಡುಕಿದರು. ಆಗ ಇಬ್ಬರಿಗೂ ಒಂದು ವಿಚಿತ್ರ ಕಂಡಿತು. ಅಚ್ಚಾದ ಪುಸ್ತಕದಲ್ಲಿ ನನ್ನ ಮನೆ ವಿಳಾಸವೇ ಇರಲಿಲ್ಲ! ಹೆಸರು, ಹುಟ್ಟಿದ ವರ್ಷ, ಓದು, ಅಪ್ಪನ ನಂಬರ್, ಅಷ್ಟೇ. ಆವತ್ತೇ ಕೆಲವು ತಂದೆ-ತಾಯಿ ಬೇಡ ಅಂದದ್ದಕ್ಕೆ ವಿಳಾಸದ ಕಾಲಂ ತೆಗೆಸಿದ್ದರಂತೆ. ಹಾಗಾದರೆ ಪಿಡಿಎಫ್‌ನಲ್ಲಿ ಎಲ್ಲಿಂದ ಬಂತು? ಮೊಬೈಲಿನಲ್ಲಿ ಪುಟವನ್ನ ದೊಡ್ಡದು ಮಾಡಿ ನೋಡಿದೆ. ನಾಲ್ಕೂ ಮೂಲೆಯಲ್ಲಿ ಕಾಗದ ಕತ್ತರಿಸುವ ಗುರುತು ಇತ್ತು. ಎರಡು ಪುಟಕ್ಕೆ ಒಂದೇ ಪುಟಸಂಖ್ಯೆ ಬಿದ್ದಿತ್ತು. ಅದು ಪುಸ್ತಕವೇ ಅಲ್ಲ, ಪ್ರೆಸ್ಸಿನಿಂದ ತಿದ್ದಲು ಬಂದಿದ್ದ ಪ್ರೂಫ್. ಸೈಟ್ ನೋಡಿಕೊಳ್ಳುತ್ತಿದ್ದ ಹುಡುಗ ಕೈಗೆ ಸಿಕ್ಕ ಫೈಲನ್ನ ಏರಿಸಿಬಿಟ್ಟಿದ್ದ. ಹನ್ನೊಂದು ವರ್ಷ ಯಾರೂ ತೆರೆದು ನೋಡಿರಲಿಲ್ಲ.

ಕಾರ್ಯದರ್ಶಿಗಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಆ ಹುಡುಗನ ನಂಬರ್ ಹುಡುಕಿ ಅಲ್ಲೇ ಕರೆ ಹಚ್ಚಿದರು. ಅವನೀಗ ಬೆಂಗಳೂರಿನಲ್ಲಿದ್ದಾನೆ. ಪಾಸ್‌ವರ್ಡ್ ನೆನಪಿಲ್ಲ ಅಂದ. ಅದು ಸಿಗಲು ಇನ್ನೊಂದು ವಾರ ಹೋಯಿತು. "ತೆಗದೀನ್ರಿ ಅಕ್ಕಾರ" ಅಂತ ಮೆಸೇಜ್ ಬಂದಾಗ ತುಂಬಾ ಖುಷಿಯಾಯಿತು. ಆದರೆ ನೋಟ್‌ಬುಕ್ಕಿನಲ್ಲಿದ್ದ ನೇರ ಲಿಂಕ್ ಒತ್ತಿದರೆ ಪಿಡಿಎಫ್ ಮೊದಲಿನಂತೆಯೇ ತೆರೆಯಿತು. ಅವನು ಪುಟದಲ್ಲಿದ್ದ 'ಡೌನ್‌ಲೋಡ್' ಬಟನ್ ತೆಗೆದಿದ್ದ, ಫೈಲ್ ಸರ್ವರ್‌ನಲ್ಲೇ ಇತ್ತು. ಬಾಗಿಲ ಮೇಲಿನ ಬೋರ್ಡ್ ತೆಗೆದರೆ ಮನೆ ಖಾಲಿಯಾಗುತ್ತದೆಯೇ? ಮತ್ತೆ ಕರೆ ಮಾಡಿ, ಫೈಲನ್ನೇ ಅಳಿಸಿಸಿದೆ. ಆಗ ಪುಟ ಇಲ್ಲ ಅನ್ನುವ 404 ಬಂತು. ಆ ಮೂರು ಅಂಕಿ ನೋಡಿ ಅಷ್ಟು ನೆಮ್ಮದಿ ಆಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಮೂಲದಲ್ಲಿ ಅಳಿಸಿದ ಮೇಲೂ ಗೂಗಲ್ ಸರ್ಚ್‌ನಲ್ಲಿ ಅದರ ಎರಡು ಸಾಲು, ನಂಬರ್ ಸಮೇತ, ಕಾಣುತ್ತಲೇ ಇತ್ತು. ಇದಕ್ಕೆ ಗೂಗಲ್‌ನಲ್ಲೇ ಒಂದು ಸಾಧನ ಇದೆ. ಪುಟ ಈಗ ಇಲ್ಲ ಅಥವಾ ಬದಲಾಗಿದೆ, ಹಳೇದನ್ನ ತೋರಿಸಬೇಡಿ ಅಂತ ಲಿಂಕ್ ಕೊಟ್ಟು ಕೇಳುವುದು. ಯಾರು ಬೇಕಾದರೂ ಕೇಳಬಹುದು. ಕೆಲವೇ ದಿನದಲ್ಲಿ ಆ ಸಾಲುಗಳು ಹೋದವು.

ಕಷ್ಟ ಆದದ್ದು ಆ ಜನ ಹುಡುಕುವ ಸೈಟಿನದು. ಅಲ್ಲಿ ವಿಳಾಸ ಇಲ್ಲ, ಫೋನ್ ಇಲ್ಲ, ಒಂದು ಫಾರ್ಮ್ ಮಾತ್ರ. ಅದರಲ್ಲಿ ಬರೆದೆ. ನಾಲ್ಕು ದಿನದ ಮೇಲೆ ಬಂದ ಉತ್ತರ ಏನು ಗೊತ್ತಾ? ನೀವೇ ಆ ವ್ಯಕ್ತಿ ಅಂತ ತೋರಿಸಲು ಆಧಾರ್ ಕಾರ್ಡಿನ ಎರಡೂ ಬದಿಯ ಫೋಟೊ ಕಳಿಸಿ! ಒಂದು ಮಾಹಿತಿ ತೆಗೆಯಲು ಹೋಗಿ ಅದಕ್ಕಿಂತ ದೊಡ್ಡದನ್ನ ಅವರ ಕೈಗೆ ಕೊಡುವುದು ಯಾವ ನ್ಯಾಯ? ಕಳಿಸಲಿಲ್ಲ. ಪುಟದಲ್ಲಿರುವ ನಂಬರಿಗೆ ಒಟಿಪಿ ಕಳಿಸಿ ಖಚಿತ ಮಾಡಿಕೊಳ್ಳಿ ಅಂತ ಬರೆದೆ. ಮತ್ತೆ ಉತ್ತರ ಬರಲಿಲ್ಲ. ಗುರುತು ತೋರಿಸಲೇಬೇಕಾದ ಕಡೆ ಮಾಸ್ಕ್ ಮಾಡಿದ ಆಧಾರ್ ಕೊಡಿ. ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತವೆ, ಆಧಾರ್ ಸೈಟಿನಲ್ಲೇ ಇಳಿಸಿಕೊಳ್ಳಬಹುದು. ಆದರೆ ಹೆಸರು-ವಿಳಾಸ ಹೇಳದ ಸೈಟಿಗೆ ಅದನ್ನೂ ಕೊಡಬೇಡಿ.

ನಂತರ ಎರಡು ದಾರಿ ಹಿಡಿದೆ. ಮೊದಲನೆಯದು ಗೂಗಲ್. 2022ರ ಏಪ್ರಿಲ್‌ನಿಂದ ಅವರು ನಮ್ಮ ಫೋನ್ ನಂಬರ್, ಇಮೇಲ್, ಮನೆ ವಿಳಾಸ ಇರುವ ಪುಟಗಳನ್ನ ಸರ್ಚ್‌ನಿಂದ ತೆಗೆಯಿರಿ ಅಂತ ಕೇಳಲು ಅವಕಾಶ ಕೊಟ್ಟಿದ್ದಾರೆ. ಫಾರ್ಮ್‌ನಲ್ಲಿ ಆ ಪುಟದ ಲಿಂಕ್, ಯಾವ ಪದ ಹಾಕಿದರೆ ಅದು ಬರುತ್ತದೆ ಅನ್ನುವುದು, ಸ್ಕ್ರೀನ್‌ಶಾಟ್ ಕೊಡಬೇಕು. ಇಲ್ಲಿ ನನ್ನ ನೋಟ್‌ಬುಕ್ ಕೆಲಸಕ್ಕೆ ಬಂತು. ನನ್ನ ಮನವಿ ಒಪ್ಪಿಗೆಯಾಯಿತು. ಈಗ ಅಪ್ಪನ ನಂಬರ್ ಹಾಕಿದರೆ ಆ ಪುಟ ಬರುವುದಿಲ್ಲ. ಆದರೆ ಇದರಿಂದ ಸೈಟಿನಲ್ಲಿರುವ ಪುಟ ಅಳಿಯುವುದಿಲ್ಲ, ಬೇರೆ ಸರ್ಚ್‌ನಲ್ಲಿ ಸಿಗಬಹುದು. ಎರಡನೆಯದು, ಆ ಸೈಟಿಗೆ ಜಾಗ ಕೊಟ್ಟಿರುವ ಹೋಸ್ಟಿಂಗ್ ಕಂಪನಿ. ಹೂಈಸ್ ಅನ್ನುವ ಹುಡುಕಾಟದಲ್ಲಿ ಅದರ ಹೆಸರು, ದೂರಿನ ಇಮೇಲ್ ಸಿಗುತ್ತದೆ. ಮೂರು ಸಲ ಬರೆದ ಮೇಲೆ, ದೀಪಾವಳಿ ಕಳೆದು, ನನ್ನ ಪುಟ ಹೋಯಿತು.

ನಾನು ಇದರಲ್ಲಿ ಮುಳುಗಿದ್ದಾಗಲೇ, 2025ರ ನವೆಂಬರ್‌ನಲ್ಲಿ, ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯ ನಿಯಮಗಳು ಹೊರಬಂದವು. ಕಾಯ್ದೆ 2023ರದು. ನಮ್ಮ ಮಾಹಿತಿಯನ್ನ ತಿದ್ದಿಸುವ, ಅಳಿಸಿಸುವ ಹಕ್ಕು ಅದರ 12ನೇ ಕಲಂನಲ್ಲಿದೆ. ಆದರೆ ಅದು ಜಾರಿಗೆ ಬರುವುದು ನಿಯಮ ಹೊರಬಂದ 18 ತಿಂಗಳ ಮೇಲೆ, ಅಂದರೆ 2027ರ ಮೇ ಹೊತ್ತಿಗೆ. ನಾವೇ ಸಾರ್ವಜನಿಕವಾಗಿ ಹಾಕಿಕೊಂಡ ಮಾಹಿತಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ ಅನ್ನುವುದನ್ನೂ ಗಮನಿಸಿ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ ತೀರ್ಪು ಬಂದದ್ದು ಕೆ. ಎಸ್. ಪುಟ್ಟಸ್ವಾಮಿ ಅವರು ಹಾಕಿದ ಅರ್ಜಿಯಿಂದ. ಅವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. ಹೋಸ್ಟಿಂಗ್ ಕಂಪನಿಗೆ ಬರೆದ ಮೂರನೇ ಪತ್ರದಲ್ಲಿ ಈ ತೀರ್ಪನ್ನೂ ಕಾಯ್ದೆಯನ್ನೂ ಸೇರಿಸಿದ್ದೆ. ಅದರಿಂದಲೇ ಕೆಲಸ ಆಯಿತೋ ಗೊತ್ತಿಲ್ಲ. ನನಗಂತೂ ಬರೆಯುವಾಗ ಧೈರ್ಯ ಬಂತು.

ಕ್ಯಾಲಿಫೋರ್ನಿಯಾದಲ್ಲಿರುವ ತಮ್ಮನಿಗೆ ಇದನ್ನೆಲ್ಲ ಹೇಳಿದಾಗ ಅವನೂ ತನ್ನ ಹೆಸರು ಹುಡುಕಿದ. ಅಲ್ಲಿ ಇದು ದೊಡ್ಡ ವ್ಯಾಪಾರ. ಸ್ಪೋಕಿಯೊ, ವೈಟ್‌ಪೇಜಸ್ ಥರದ ಸೈಟುಗಳು ಆಸ್ತಿ ದಾಖಲೆ, ಕೋರ್ಟ್ ದಾಖಲೆ, ಮಾರ್ಕೆಟಿಂಗ್ ಪಟ್ಟಿ ಎಲ್ಲ ಕೂಡಿಸಿ ಒಬ್ಬೊಬ್ಬರ ವಿಳಾಸ, ವಯಸ್ಸು, ಸಂಬಂಧಿಕರ ಹೆಸರು ಜೋಡಿಸುತ್ತವೆ. ತೆಗೆಸಲು ಒಂದೊಂದರಲ್ಲೂ ಬೇರೆ ಬೇರೆ ದಾರಿ. ಸ್ಪೋಕಿಯೊದಲ್ಲಿ ನಮ್ಮ ಪುಟದ ಲಿಂಕ್ ಮತ್ತು ಇಮೇಲ್ ಕೊಟ್ಟು, ಬಂದ ಇಮೇಲ್‌ನಲ್ಲಿ ಒತ್ತಿ ಖಚಿತ ಮಾಡಬೇಕು. ಕ್ಯಾಲಿಫೋರ್ನಿಯಾದ ಜನರಿಗೆ 2026ರ ಜನವರಿಯಿಂದ ಡ್ರಾಪ್ ಅನ್ನುವ ಸರ್ಕಾರಿ ಪೋರ್ಟಲ್ ಬಂದಿದೆ. ಅಲ್ಲಿ ಒಂದೇ ಸಲ ಕೇಳಿದರೆ ಆ ರಾಜ್ಯದಲ್ಲಿ ನೋಂದಾಯಿಸಿದ ಎಲ್ಲ ಡೇಟಾ ಬ್ರೋಕರ್‌ಗಳಿಗೂ, ಅಂದರೆ ಜನರ ಮಾಹಿತಿ ಕೂಡಿಸಿ ಮಾರುವ ಕಂಪನಿಗಳಿಗೂ, ಹೋಗುತ್ತದೆ. ಅವರು ಅಳಿಸಲು ಶುರು ಮಾಡಬೇಕಾದದ್ದು ಆಗಸ್ಟ್ 1ರಿಂದ. ತಮ್ಮ ಸಂಕ್ರಾಂತಿ ದಿನವೇ ಅದನ್ನ ತುಂಬಿದ. ನಮ್ಮಲ್ಲೂ ಇಂಥದ್ದೊಂದು ಬರಬೇಕು. ಒಬ್ಬೊಬ್ಬರೂ ನೋಟ್‌ಬುಕ್ ಹಿಡಿದು ಆರು ತಿಂಗಳು ಕೂರಲು ಆಗುತ್ತದೆಯೇ?

ಪ್ರತಿ ತಿಂಗಳ ಮೊದಲ ಭಾನುವಾರ ನಾನು ನಾಲ್ಕೂ ಜನರ ನಂಬರ್ ಮತ್ತೆ ಹಾಕಿ ನೋಡುತ್ತೇನೆ. ಫೆಬ್ರವರಿಯಲ್ಲಿ ಅಪ್ಪನ ನಂಬರ್ ಹೊಸದೊಂದು ಕಡೆ ಬಂದಿತ್ತು, ಬರೆದು ತೆಗೆಸಿದೆ.

ಅದೇ ತಿಂಗಳು ಕಾರ್ಯದರ್ಶಿಗಳು ಅಪ್ಪನ ಫೋನಿಗೆ ಕರೆ ಮಾಡಿ ನನ್ನನ್ನ ಕೇಳಿದರು. ಈ ವರ್ಷದ ಸಮಾವೇಶಕ್ಕೆ ಫಾರ್ಮ್ ಮಾಡಿಸಬೇಕಿತ್ತಂತೆ. "ಏನ್ ಇಡೂಣು, ಏನ್ ಬಿಡೂಣು, ನೀನ ಬಂದು ಹೇಳವ್ವಾ" ಅಂದರು. ಹೋದೆ. ಹಳೇ ಫಾರ್ಮ್ ಮೇಜಿನ ಮೇಲಿತ್ತು, ಕೆಂಪು ಪೆನ್ ಅವರ ಕೈಯಲ್ಲಿತ್ತು. ಮನೆ ವಿಳಾಸ ಹೊಡೆದರು, ಊರು ಮಾತ್ರ ಉಳಿಯಿತು. ಹುಟ್ಟಿದ ದಿನ ಮತ್ತು ಗಳಿಗೆಯನ್ನ ಜಾತಕ ಕೇಳಿದ ಮನೆಯವರಿಗೆ ಕೈಯಲ್ಲೇ ಕೊಡುವುದು ಅಂತಾಯಿತು. ಸಂಬಳದ ಕಾಲಂ ತೆಗೆದರು.

"ತಾಯಿ ತವರಮನಿ ಹೆಸರು?" ಅಂತ ಕೇಳಿದರು.

"ಬ್ಯಾಂಕಿನ್ಯಾಗ ಗುರ್ತಿಗೆ ಅದನ್ನ ಕೇಳ್ತಾರ್ರಿ ಕಾಕಾ. ಬ್ಯಾಡ."

ಅದನ್ನೂ ಹೊಡೆದರು. ಸಮಾವೇಶ ಮುಗಿದು ಒಂದು ವರ್ಷಕ್ಕೆ ಎಲ್ಲ ಫಾರ್ಮ್ ಹರಿದು ಹಾಕುವುದು ಅಂತ ಕೆಳಗೆ ಒಂದು ಸಾಲು ಬರೆಸಿದೆ. ಅವರು ಪೆನ್ನಿನ ಮುಚ್ಚಳ ಹಾಕಿದರು, ಮತ್ತೆ ತೆಗೆದರು.

"ಪ್ರೆಸ್ಸಿನವರ ಕಂಪ್ಯೂಟರ್‌ನ್ಯಾಗಿಂದೂ ಅಳಸಬೇಕಲ್ಲ ತಂಗಿ?" ಅಂದರು. ನಾನು ಹೌದ್ರಿ ಅನ್ನುವ ಮೊದಲೇ ಅದನ್ನ ತಾವೇ ಬರೆದುಕೊಂಡರು.